ಗಿಟ್ ಜೊತೆ ಪುಕ್ಕಟೆ ಬಂದ ಟೂಲ್‌ಗಳಿಗೆ ಮ್ಯಾನ್ಯುಯಲ್ ಹುಡುಕೋದು ಹೇಗೆ?

ವಿಂಡೋಸ್‌ನಲ್ಲಿ ಗಿಟ್ (ಕೋಡ್‌ನ ಬದಲಾವಣೆಗಳ ಲೆಕ್ಕ ಇಡೋ ಸಾಫ್ಟ್‌ವೇರ್) ಹಾಕಿಕೊಂಡರೆ ಗಿಟ್ ಒಂದೇ ಬರುವುದಿಲ್ಲ. ಅದರ ಫೋಲ್ಡರ್‌ನಲ್ಲಿ ಯುಎಸ್‌ಆರ್, ಅದರೊಳಗೆ ಬಿನ್ ಅಂತ ಇದೆ, ಒಮ್ಮೆ ತೆಗೆದು ನೋಡಿ. ಸಾಲು ಹುಡುಕೋ ಗ್ರೆಪ್, ಪಠ್ಯ ತಿದ್ದೋ ಸೆಡ್, ಆಕ್, ಸಾಲು ಜೋಡಿಸೋ ಸಾರ್ಟ್, ದೂರದ ಮಷೀನ್‌ಗೆ ಸೇರಿಸೋ ಎಸ್‌ಎಸ್‌ಎಚ್, ಪರ್ಲ್ ಕೂಡ ಇದೆ. ಎಲ್ಲವೂ ಪುಕ್ಕಟೆ, ಎಲ್ಲವೂ ಒಳ್ಳೆ ಮಾಲು. ಆದರೆ ಲಿನಕ್ಸ್‌ನಲ್ಲಿ 'ಮ್ಯಾನ್ ಗ್ರೆಪ್' ಅಂತ ಹೊಡೆದರೆ ಪೂರ್ತಿ ವಿವರಣೆ ಬರುತ್ತಲ್ಲ, ಗಿಟ್ ಜೊತೆ ಬರೋ ಕಮಾಂಡ್ ಕಿಟಕಿ ಗಿಟ್ ಬ್ಯಾಶ್‌ನಲ್ಲಿ ಅದು ಬರಲ್ಲ. ಮ್ಯಾನ್ ಅನ್ನೋ ಕಮಾಂಡೇ ಇಲ್ಲ.

ನೆಟ್‌ನಲ್ಲಿ ಹುಡುಕಿದರಾಯ್ತು ಅನ್ನಬಹುದು. ತುಮಕೂರಲ್ಲಿ ಬಿಸಿಎ, ಡಿಪ್ಲೊಮಾ ಓದೋರಿಗೆ ಲ್ಯಾಬ್‌ನಲ್ಲಿ ಯಾವಾಗಲೂ ನೆಟ್ ಸಿಗುತ್ತದಾ? ರಜಕ್ಕೆ ಪಾವಗಡದ ಕಡೆ ಊರಿಗೆ ಹೋದವರು ಸಿಗ್ನಲ್‌ಗೆ ಮಹಡಿ ಹತ್ತಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಮಾಂಡ್‌ಗಳನ್ನು ಓದೋ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ಮೊದಲು ಮಾಡಬೇಕಾದ್ದು ಮ್ಯಾನ್ಯುಯಲ್ ಹುಡುಕೋದಲ್ಲ. ನೀವು ಓಡಿಸುತ್ತಿರೋ ಟೂಲ್ ಯಾವುದು, ಯಾರದ್ದು ಅಂತ ತಿಳಿಯೋದು. ತಿಪಟೂರು ಎಪಿಎಂಸಿಯ ಕೊಬ್ಬರಿ ರೇಟುಗಳನ್ನು ಸಾಲಿಗೊಂದರಂತೆ 'ಕೊಬ್ಬರಿ.ಟಿಎಕ್ಸ್‌ಟಿ' ಅನ್ನೋ ಫೈಲ್‌ನಲ್ಲಿ ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ಕಡಿಮೆ ರೇಟು ಮೇಲೆ, ಜಾಸ್ತಿ ರೇಟು ಕೆಳಗೆ ಬರಬೇಕು. ಅದಕ್ಕೆ ಇರೋದು '-ಎನ್', ಅಂದರೆ ಅಂಕಿ ನೋಡಿ ಜೋಡಿಸು ಅನ್ನೋ ಆಪ್ಷನ್. ವಿಂಡೋಸ್‌ನ ಕಪ್ಪು ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಸಾರ್ಟ್ -ಎನ್ ಕೊಬ್ಬರಿ.ಟಿಎಕ್ಸ್‌ಟಿ' ಹೊಡೆದರೆ 'ಇನ್‌ಪುಟ್ ಫೈಲ್ ಸ್ಪೆಸಿಫೈಡ್ ಟೂ ಟೈಮ್ಸ್' ಅಂತ ಬೈಯುತ್ತದೆ. ಎರಡು ಸಲ ಎಲ್ಲಿ ಕೊಟ್ಟೆ? ಕೊಟ್ಟಿಲ್ಲ. ಅದು ವಿಂಡೋಸ್‌ನ ಸ್ವಂತ ಸಾರ್ಟ್, '-ಎನ್' ಅನ್ನೋದನ್ನೇ ಒಂದು ಫೈಲ್ ಹೆಸರು ಅಂದುಕೊಂಡಿದೆ. ಇದೇ ಸಾಲನ್ನು ಗಿಟ್ ಬ್ಯಾಶ್‌ನಲ್ಲಿ ಹೊಡೆಯಿರಿ, ಸರಿಯಾಗಿ ಬರುತ್ತದೆ. 'ಫೈಂಡ್' ಕತೆಯೂ ಇದೇ, ಆ ಹೆಸರಿನವೂ ಎರಡಿವೆ.

ಯಾವುದು ಓಡುತ್ತಿದೆ ಅಂತ ನೋಡೋಕೆ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ವೇರ್ ಸಾರ್ಟ್', ಗಿಟ್ ಬ್ಯಾಶ್‌ನಲ್ಲಿ 'ಟೈಪ್ -ಎ ಸಾರ್ಟ್'. ಪಟ್ಟಿಯಲ್ಲಿ ಮೊದಲು ಬಂದದ್ದೇ ಓಡೋದು. ವಿಂಡೋಸ್‌ನ ಇನ್ನೊಂದು ಕಮಾಂಡ್ ಕಿಟಕಿ ಪವರ್‌ಶೆಲ್‌ನಲ್ಲಾದರೆ 'ವೇರ್.ಎಕ್ಸ್‌ಇ' ಅಂತ ಪೂರ್ತಿ ಬರೆಯಬೇಕು, ಬರೀ 'ವೇರ್' ಅಂದರೆ ಅಲ್ಲಿ ಬೇರೆ ಕೆಲಸ.

ಆಮೇಲೆ ಎರಡು ಡ್ಯಾಶ್ ಹಾಕಿ 'ವರ್ಷನ್' ಕೇಳಿ. ಗಿಟ್ ಜೊತೆ ಬಂದ ಸಾರ್ಟ್ ಮೊದಲ ಸಾಲಿನಲ್ಲೇ 'ಗ್ನೂ ಕೋರ್‌ಯುಟಿಲ್ಸ್' ಅಂತ ಹೇಳಿಬಿಡುತ್ತದೆ. ಅಂದರೆ ಗ್ನೂ ಅನ್ನೋ ಸ್ವತಂತ್ರ ತಂತ್ರಾಂಶ ಯೋಜನೆಯ ಟೂಲ್ ಕಟ್ಟು. ಈಗ ನಿಮಗೆ ಪುಸ್ತಕದ ಹೆಸರು ಸಿಕ್ಕಿತು. ಗ್ನೂ ತಾಣದಲ್ಲಿ ಆ ಮ್ಯಾನ್ಯುಯಲ್ ಇಡೀ ಒಂದೇ ಪುಟದಲ್ಲಿ ಸಿಗುತ್ತದೆ. ನೆಟ್ ಇದ್ದಾಗಲೇ ಸೇವ್ ಮಾಡಿಟ್ಟುಕೊಳ್ಳಿ. ಸುಮ್ನೆ 'ಸೆಡ್ ಕಮಾಂಡ್' ಅಂತ ಹುಡುಕಿದರೆ ಮ್ಯಾಕ್‌ನ ಸೆಡ್‌ಗೆ ಬರೆದ ಉತ್ತರವೂ ಬರುತ್ತದೆ. ಅಲ್ಲಿ '-ಐ' (ಫೈಲನ್ನೇ ತಿದ್ದೋ ಆಪ್ಷನ್) ಆದಮೇಲೆ ಖಾಲಿ ಕೋಟ್ ಕೊಡಬೇಕು, ಇಲ್ಲಿ ಕೊಟ್ಟರೆ ಕೆಡುತ್ತದೆ.

'ಸಿಡಿ', 'ರೀಡ್' ತರದವು ಬ್ಯಾಶ್‌ನ ಒಳಗೇ ಇರೋವು. ಅವಕ್ಕೆ 'ಹೆಲ್ಪ್ ರೀಡ್' ಅಂದರೆ ಸಾಕು. ಗಿಟ್‌ಗೆ ಮಾತ್ರ ಪೂರ್ತಿ ಪುಸ್ತಕವೇ ನಿಮ್ಮ ಡಿಸ್ಕ್‌ನಲ್ಲಿದೆ. 'ಗಿಟ್ ಹೆಲ್ಪ್ ಕಮಿಟ್' ಹೊಡೆದರೆ ಬ್ರೌಸರ್ ತೆರೆಯುತ್ತದೆ, ನೆಟ್ ಬೇಕಿಲ್ಲ. 'ಗಿಟ್ ಹೆಲ್ಪ್ -ಜಿ' ಅಂದರೆ ಟ್ಯುಟೋರಿಯಲ್, ಗ್ಲಾಸರಿ ತರದ ಗೈಡ್‌ಗಳ ಪಟ್ಟಿ ಬರುತ್ತದೆ. ಇದು ಇದೆ ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ.

ಪೈಥಾನ್ ಇದ್ದರೆ ಇನ್ನೂ ಸುಲಭ. 'ಪೈಥಾನ್ -ಎಂ ಪೈಡಾಕ್ -ಬಿ' ಹೊಡೆಯಿರಿ. ನಿಮ್ಮ ಮಷೀನ್‌ನಲ್ಲಿರೋ ಎಲ್ಲಾ ಮಾಡ್ಯೂಲ್‌ಗಳ (ಸಿದ್ಧ ಕೋಡ್ ಫೈಲ್‌ಗಳ) ವಿವರಣೆ ಬ್ರೌಸರ್‌ನಲ್ಲಿ ಬರುತ್ತದೆ, ಇದಕ್ಕೂ ನೆಟ್ ಬೇಡ. ವಿವರಣೆ ಎರಡೇ ಸಾಲು ಇದ್ದರೆ ಬೇಜಾರಾಗಬೇಡಿ, ಪೈಥಾನ್‌ನ ಲಿಬ್ ಫೋಲ್ಡರ್‌ಗೆ ಹೋಗಿ ಆ ಮಾಡ್ಯೂಲ್‌ನ ಕೋಡ್ ಫೈಲನ್ನೇ ತೆಗೆಯಿರಿ. ಜೇಸನ್ ಫೋಲ್ಡರ್‌ನ 'ಟೂಲ್' ಫೈಲ್ ಚಿಕ್ಕದು, ಅದರಲ್ಲಿ 'ಆ್ಯಡ್ ಆರ್ಗ್ಯುಮೆಂಟ್' ಅಂತ ಇರೋ ಒಂದೊಂದು ಸಾಲೂ ನೀವು ಕೊಡಬಹುದಾದ ಒಂದು ಆಪ್ಷನ್ ಅಥವಾ ಫೈಲ್ ಹೆಸರು. ನನ್ನ ಲೆಕ್ಕದಲ್ಲಿ ಇದಕ್ಕಿಂತ ನಂಬಿಕಸ್ಥ ಮ್ಯಾನ್ಯುಯಲ್ ಇಲ್ಲ, ಯಾಕಂದ್ರೆ ಓಡೋದೇ ಅದು.

ಜಾವಾದವರು ಜೆಡಿಕೆಯ (ಜಾವಾ ಕೋಡ್ ಬರೆಯೋ ಕಿಟ್) ಬಿನ್ ನೋಡಿ. ಜಾವಾ ಸಾಲುಗಳನ್ನು ಅಲ್ಲಲ್ಲೇ ಓಡಿಸೋ ಜೆಶೆಲ್ ಒಳಗೆ '/ಹೆಲ್ಪ್' ಇದೆ. ಜೆಡಿಕೆ 18ರಿಂದ ಫೋಲ್ಡರನ್ನು ಬ್ರೌಸರ್‌ಗೆ ತೋರಿಸೋ ಜೆವೆಬ್‌ಸರ್ವರ್ ಅನ್ನೋದೂ ಬರುತ್ತದೆ. ಇಂಥವುಗಳ ಹೆಲ್ಪ್‌ನಲ್ಲಿ ಯಾವ ವಿಳಾಸದಲ್ಲಿ ಕಾಣಬೇಕು ಅಂತ ಹೇಳೋ 'ಬೈಂಡ್' ಸಾಲನ್ನು ತಪ್ಪದೆ ಓದಿ. ಜೆವೆಬ್‌ಸರ್ವರ್ ತಾನಾಗಿ ನಿಮ್ಮ ಮಷೀನ್‌ಗೆ ಮಾತ್ರ ಕಾಣುತ್ತದೆ. ಇದೇ ಕೆಲಸ ಮಾಡೋ ಪೈಥಾನ್‌ನ ಎಚ್‌ಟಿಟಿಪಿ.ಸರ್ವರ್ ಹಾಗಲ್ಲ. ಫೈರ್‌ವಾಲ್ ತಡೆಯದಿದ್ದರೆ ಪಿಜಿಯ ವೈಫೈನಲ್ಲಿ ಇರೋರೆಲ್ಲ ನಿಮ್ಮ ಫೋಲ್ಡರ್ ನೋಡಬಹುದು. ಅದಕ್ಕೆ '--ಬೈಂಡ್ 127.0.0.1' ಸೇರಿಸಿ.

ಹೆಲ್ಪನ್ನು ಫೈಲ್‌ಗೆ ಹಾಕಿಟ್ಟುಕೊಳ್ಳೋದು ಒಳ್ಳೆಯದು, 'ಗ್ರೆಪ್ --ಹೆಲ್ಪ್ > ಗ್ರೆಪ್.ಟಿಎಕ್ಸ್‌ಟಿ' ಅಂದರಾಯ್ತು. ಆದರೆ ಎಸ್‌ಎಸ್‌ಎಚ್‌ಗೆ '--ಹೆಲ್ಪ್' ಅಂದರೇನು ಅಂತಲೇ ಗೊತ್ತಿಲ್ಲ. ಗೊತ್ತಿಲ್ಲದ ಆಪ್ಷನ್ ಅಂತ ಹೇಳಿ, ಬಳಸೋ ರೀತಿಯನ್ನು ಎರರ್‌ಗೆಂದೇ ಇರೋ ಬೇರೆ ದಾರಿಯಲ್ಲಿ ಕಳಿಸುತ್ತದೆ. ಪರದೆ ಮೇಲೆ ಕಾಣುತ್ತದೆ, ಫೈಲ್ ಮಾತ್ರ ಖಾಲಿ. ಅಂಥ ಕಡೆ ಸಾಲಿನ ಕೊನೆಗೆ '2>&1' ಸೇರಿಸಿ, ಎರಡೂ ಫೈಲ್‌ಗೆ ಬೀಳುತ್ತವೆ.