ಎದ್ದು ಹೋಗುವಾಗ ಲ್ಯಾಪ್‌ಟಾಪ್‌ಗೆ ಬೀಗ ಬೀಳಬೇಕು

ಹಾಸನದಲ್ಲಿ ನಮ್ಮದೊಂದು ಚಿಕ್ಕ ಟ್ಯಾಕ್ಸ್ ಆಫೀಸು. ಎರಡು ಮೇಜು, ಎರಡು ಲ್ಯಾಪ್‌ಟಾಪ್, ಬಂದವರಿಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ತಿಂಗಳ 20ನೇ ತಾರೀಕು ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಹಾಕಲು ಕೊನೇ ದಿನ. ಅವತ್ತು ಅಂಗಡಿಯವರು ಬಿಲ್ಲಿನ ಕಟ್ಟು ಹಿಡಿದು ಬಾಗಿಲವರೆಗೂ ನಿಂತಿರುತ್ತಾರೆ.

ಅಂಥದ್ದೇ ಒಂದು ದಿನ ಝೆರಾಕ್ಸ್ ಮಾಡಿಸಲು ಪಕ್ಕದ ಅಂಗಡಿಗೆ ಹೋಗಿದ್ದೆ. ಮೂರೋ ನಾಲ್ಕೋ ನಿಮಿಷ. ವಾಪಸ್ ಬಂದರೆ ಬಟ್ಟೆ ಅಂಗಡಿಯವರೊಬ್ಬರು ಮೇಜಿನ ಮೇಲೆ ಬಗ್ಗಿ ನನ್ನ ಸ್ಕ್ರೀನ್ ಓದುತ್ತಿದ್ದರು. ಅದರಲ್ಲಿದ್ದದ್ದು ಅದೇ ರಸ್ತೆಯ ಇನ್ನೊಂದು ಬಟ್ಟೆ ಅಂಗಡಿಯ ಲೆಕ್ಕ. ಮಾರಾಟ ಎಷ್ಟು, ಮಾಲು ಯಾರ ಹತ್ತಿರ ತರುತ್ತಾರೆ, ಎಲ್ಲಾ. "ಅವರಿಗೆ ವ್ಯಾಪಾರ ಜೋರಾಗಿದೆ ಅಲ್ವಾ ಮೇಡಂ" ಅಂದರು. ನನ್ನ ಕೈಕಾಲು ತಣ್ಣಗಾಯಿತು. ನಂಬಿ ಲೆಕ್ಕ ಕೊಟ್ಟವರಿಗೆ ಏನು ಉತ್ತರ ಹೇಳಲಿ? ಮಾರನೇ ದಿನ ಅವರ ಅಂಗಡಿಗೇ ಹೋಗಿ ನಡೆದದ್ದು ಹೇಳಿ, ಕ್ಷಮೆ ಕೇಳಿ ಬಂದೆ. ಅದಾದ ಮೇಲೆ ನಮ್ಮ ಆಫೀಸಿನಲ್ಲಿ ಮಾಡಿಕೊಂಡ ಏರ್ಪಾಡು ಇದು. ನೀವೂ ಹತ್ತು ನಿಮಿಷದಲ್ಲಿ ಮಾಡಿಕೊಳ್ಳಬಹುದು.

ಮೊದಲು ಕೈಗೆ ಅಭ್ಯಾಸ. ಕುರ್ಚಿ ಬಿಡುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿ. ಆ ಕೀ ಕೀಬೋರ್ಡಿನ ಕೆಳಗಿನ ಸಾಲಿನಲ್ಲಿ, ಎಡಗಡೆ ಇರುತ್ತದೆ. ಒತ್ತಿದ ಕೂಡಲೇ ಲಾಕ್. ಮಾಡುತ್ತಿದ್ದ ಕೆಲಸ ಹೋಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಏನೂ ಹೋಗುವುದಿಲ್ಲ. ತೆರೆದ ಫೈಲು ತೆರೆದೇ ಇರುತ್ತದೆ, ಡೌನ್‌ಲೋಡ್ ಕೂಡ ನಡೆಯುತ್ತಿರುತ್ತದೆ.

ಆದರೆ ಗಡಿಬಿಡಿಯಲ್ಲಿ ಕೈ ಮರೆಯುತ್ತದೆ. ಆಗ ಲ್ಯಾಪ್‌ಟಾಪ್ ತಾನೇ ಲಾಕ್ ಆಗಬೇಕು. ಇಲ್ಲೇ ಜಾಸ್ತಿ ಜನ ಎಡವುವುದು. ಸ್ಕ್ರೀನ್ ಕಪ್ಪಾದರೆ ಲಾಕ್ ಆಯಿತು ಅಂದುಕೊಳ್ಳುತ್ತಾರೆ. ಕಪ್ಪಾಗುವುದೇ ಬೇರೆ, ಲಾಕ್ ಆಗುವುದೇ ಬೇರೆ. ಟಚ್‌ಪ್ಯಾಡ್ ಮೇಲೆ ಬೆರಳಿಟ್ಟರೆ ಸಾಕು, ಪಾಸ್‌ವರ್ಡ್ ಕೇಳದೆ ಎಲ್ಲಾ ಮತ್ತೆ ಎದುರಿಗೆ ಬರಬಹುದು.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆಗೆದು ಅಕೌಂಟ್ಸ್, ಅದರಲ್ಲಿ ಸೈನ್ ಇನ್ ಆಪ್ಷನ್ಸ್‌ಗೆ ಹೋಗಿ. ನೀವು ಎದ್ದು ಹೋದಾಗ ಮತ್ತೆ ಯಾವಾಗ ಸೈನ್ ಇನ್ ಕೇಳಬೇಕು ಅನ್ನುವ ಪ್ರಶ್ನೆ ಅಲ್ಲಿದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 'ಎವ್ರಿ ಟೈಮ್' ಅಂತ ಸಿಗುತ್ತದೆ, ಅದನ್ನೇ ಆರಿಸಿ. ಇನ್ನು ಕೆಲವಲ್ಲಿ ಸ್ಲೀಪ್‌ನಿಂದ ಎದ್ದಾಗ ಮಾತ್ರ ಕೇಳುತ್ತೇನೆ ಅನ್ನುತ್ತದೆ. ನನ್ನದು ಆ ಥರದ್ದು. ಅದಕ್ಕೆ ಹಳೇ ದಾರಿ ಇದೆ. ಸರ್ಚ್‌ನಲ್ಲಿ ಸ್ಕ್ರೀನ್ ಸೇವರ್ ಅಂತ ಹುಡುಕಿ, 'ಬ್ಲ್ಯಾಂಕ್' ಆರಿಸಿ, ವೇಟ್ ಅಂತಿರುವ ಕಡೆ 2 ನಿಮಿಷ ಹಾಕಿ. ಪಕ್ಕದಲ್ಲಿರುವ 'ಆನ್ ರೆಸ್ಯೂಮ್, ಡಿಸ್‌ಪ್ಲೇ ಲಾಗಾನ್ ಸ್ಕ್ರೀನ್' ಚೌಕಕ್ಕೆ ಟಿಕ್ ಹಾಕುವುದು ಮರೆಯಬೇಡಿ. ಆ ಟಿಕ್ಕೇ ಬೀಗ. 5 ನಿಮಿಷ ಇಟ್ಟರೆ ಸಾಲದಾ ಅಂತ ನಮ್ಮ ಆಫೀಸಿನ ಹುಡುಗ ಕೇಳಿದ. ನನ್ನ ಸ್ಕ್ರೀನ್ ಓದಿ ಮುಗಿಸಲು ಆ ಬಟ್ಟೆ ಅಂಗಡಿಯವರಿಗೆ ನಾಲ್ಕೇ ನಿಮಿಷ ಸಾಕಾಗಿತ್ತು.

ಪವರ್ ಅಂಡ್ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಸ್ಕ್ರೀನ್ ಆಫ್ ಆಗುವ ಸಮಯ ಎರಡು ಕಡೆ ಇದೆ, ಬ್ಯಾಟರಿಗೆ ಒಂದು, ಚಾರ್ಜರ್ ಹಾಕಿದಾಗಿನದ್ದು ಇನ್ನೊಂದು. 'ಎವ್ರಿ ಟೈಮ್' ಆರಿಸಿದವರಿಗೆ ಸ್ಕ್ರೀನ್ ಆಫ್ ಆದ ಮೇಲೇ ಲಾಕ್ ಆಗುವುದು, ಹಾಗಾಗಿ ಎರಡನ್ನೂ ನೋಡಿ, ಕಡಿಮೆ ಇಡಿ. ಆಫೀಸಿನ ಲ್ಯಾಪ್‌ಟಾಪ್ ಇಡೀ ದಿನ ಚಾರ್ಜರ್‌ನಲ್ಲೇ ಇರುತ್ತದಲ್ಲ.

ಎಲ್ಲಾ ಹಾಕಿದ ಮೇಲೆ ಪರೀಕ್ಷೆ ಮಾಡಿ. ಕೈ ಕಟ್ಟಿಕೊಂಡು, ಗಡಿಯಾರ ನೋಡುತ್ತಾ ಮೂರು ನಿಮಿಷ ಸುಮ್ನೆ ಕೂತಿರಿ. ಆಮೇಲೆ ಒಂದು ಕೀ ಒತ್ತಿ. ಪಿನ್ ಕೇಳಿದರೆ ಸರಿ. ವಿಡಿಯೋ ಓಡುತ್ತಿದ್ದರೆ ಸಾಮಾನ್ಯವಾಗಿ ತಾನಾಗಿ ಲಾಕ್ ಆಗುವುದಿಲ್ಲ. ಆವಾಗ ವಿಂಡೋಸ್ ಕೀ, ಎಲ್ ಒಂದೇ ಗತಿ.

ಫೋನ್ ಸದಾ ಜೇಬಿನಲ್ಲೇ ಇರುವವರಿಗೆ ಡೈನಾಮಿಕ್ ಲಾಕ್ ಒಳ್ಳೆಯದು. ಫೋನನ್ನು ಬ್ಲೂಟೂತ್‌ನಲ್ಲಿ ಜೋಡಿಸಿ, ಅದೇ ಸೈನ್ ಇನ್ ಆಪ್ಷನ್ಸ್‌ನಲ್ಲಿ ಡೈನಾಮಿಕ್ ಲಾಕ್‌ಗೆ ಟಿಕ್ ಹಾಕಿ. ಫೋನ್ ದೂರ ಹೋದ ಸ್ವಲ್ಪ ಹೊತ್ತಿಗೆ ಲಾಕ್ ಆಗುತ್ತದೆ. ನನಗಿದು ಹೊಂದಲಿಲ್ಲ. ಝೆರಾಕ್ಸ್ ಅಂಗಡಿ ಗೋಡೆಯಾಚೆಗೇ ಇದೆ, ಬ್ಲೂಟೂತ್ ಅಲ್ಲಿಗೂ ಸಿಗುತ್ತದೆ.

ಮ್ಯಾಕ್ ಇದ್ದರೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಲಾಕ್ ಸ್ಕ್ರೀನ್‌ನಲ್ಲಿ, ಪಾಸ್‌ವರ್ಡ್ ಕೇಳುವ ಕಡೆ 'ಇಮಿಡಿಯೆಟ್ಲಿ' ಇಡಿ. ಕೈಯಿಂದ ಲಾಕ್ ಮಾಡಲು ಕಂಟ್ರೋಲ್, ಕಮಾಂಡ್, ಕ್ಯೂ ಒಟ್ಟಿಗೆ ಒತ್ತಿ. ಉಬುಂಟುನಲ್ಲಿ ಪ್ರೈವೆಸಿ ಒಳಗೆ ಸ್ಕ್ರೀನ್ ಲಾಕ್ ಇದೆ.

ಲಾಕ್ ಆದ ಸ್ಕ್ರೀನ್ ಮೇಲೂ ನೋಟಿಫಿಕೇಶನ್ ಬರುತ್ತದೆ. ಫೋನನ್ನು ಲ್ಯಾಪ್‌ಟಾಪ್‌ಗೆ ಲಿಂಕ್ ಮಾಡಿದ್ದರೆ ಒಟಿಪಿಯೂ ಅಲ್ಲೇ ಕಾಣಬಹುದು. ವಿಂಡೋಸ್ ಸೆಟ್ಟಿಂಗ್ಸ್‌ನ ಸಿಸ್ಟಮ್‌ನಲ್ಲಿ ನೋಟಿಫಿಕೇಶನ್ಸ್‌ಗೆ ಹೋಗಿ, ಲಾಕ್ ಸ್ಕ್ರೀನ್ ಮೇಲೆ ತೋರಿಸುವುದನ್ನು ಆಫ್ ಮಾಡಿ. ನಮ್ಮ ಕೆಲಸದಲ್ಲಿ ಇದಂತೂ ಆಗಲೇಬೇಕು.

ಪಿನ್ ಯಾರಿಗೂ ಹೇಳಬೇಡಿ. ನಮ್ಮ ಹುಡುಗನಿಗೂ ನನ್ನ ಲ್ಯಾಪ್‌ಟಾಪ್ ಬೇಕಾಗುತ್ತದೆ, ಅವನಿಗೆ ಅಂತಲೇ ಬೇರೆ ಯೂಸರ್ ಮಾಡಿಕೊಟ್ಟಿದ್ದೇನೆ. ಬೈಕ್ ನಂಬರು, ಹುಟ್ಟಿದ ವರ್ಷ ಪಿನ್ ಆಗಬಾರದು. ಎದುರಿಗೆ ಕೂತವರು ಬೆರಳು ನೋಡುತ್ತಿರುತ್ತಾರೆ, ಕೀಬೋರ್ಡಿಗೆ ಇನ್ನೊಂದು ಕೈ ಅಡ್ಡ ಹಿಡಿದು ಒತ್ತಿ.

ಇಷ್ಟೆಲ್ಲಾ ಮೇಜಿನ ಮುಂದೆ ಕೂತವರಿಗೆ. ಲ್ಯಾಪ್‌ಟಾಪನ್ನೇ ಕದ್ದೊಯ್ದರೆ ಡಿಸ್ಕ್ ಬಿಚ್ಚಿ ಓದಬಹುದು, ಸ್ಕ್ರೀನ್ ಲಾಕ್ ಅದನ್ನು ತಡೆಯುವುದಿಲ್ಲ. ಅದಕ್ಕೆ ವಿಂಡೋಸ್‌ನ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ ಆನ್ ಇರಬೇಕು, ಇವು ಡಿಸ್ಕಿನಲ್ಲಿರುವುದನ್ನು ಬೇರೆಯವರು ಓದಲಾಗದ ಹಾಗೆ ಮಾಡುತ್ತವೆ. ಆನ್ ಮಾಡಿದರೆ ಅದರ 48 ಅಂಕಿಯ ರಿಕವರಿ ಕೀ, ಅಂದರೆ ಡಿಸ್ಕ್ ತೆರೆಯಲಾಗದೆ ಹೋದಾಗ ಬೇಕಾಗುವ ಸಂಖ್ಯೆ, ಜೋಪಾನ ಮಾಡಿ, ಅದು ಕಳೆದರೆ ಮುಂದೊಂದು ದಿನ ನಿಮ್ಮ ಲೆಕ್ಕ ನಿಮಗೇ ಸಿಗದೆ ಹೋಗಬಹುದು. ನನ್ನದನ್ನು ಕಾಗದದ ಮೇಲೆ ಬರೆದು, ಎರಡು ಸಲ ಓದಿ ತಾಳೆ ನೋಡಿ, ಮನೆಯ ಬೀರುವಿನಲ್ಲಿ ಜಮೀನಿನ ಪತ್ರಗಳ ಜೊತೆ ಇಟ್ಟಿದ್ದೇನೆ.