ದೊಡ್ಡಮ್ಮನ ವಾಕರ್‌ಗೆ ಒಂದು ಕ್ರೋಶಾ ಸಂಚಿ

ವಾಕರ್ ಬಂದ ಮೇಲೆ ನಡೆಯೋದಕ್ಕೆ ಧೈರ್ಯ ಬರುತ್ತದೆ, ಆದರೆ ಎರಡೂ ಕೈ ಅದರ ಹಿಡಿಗೇ ಹೋಗಿಬಿಡುತ್ತವೆ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ನಮ್ಮ ದೊಡ್ಡಮ್ಮನಿಗೆ ಆಗಿದ್ದು ಇದೇ. ಕನ್ನಡಕ ಹಾಲ್‌ನಲ್ಲಿ, ಮೊಬೈಲ್ ಮಂಚದ ಮೇಲೆ, ಎಲೆ ಅಡಿಕೆ ಅಡುಗೆಮನೆಯಲ್ಲಿ. ಪ್ರತಿಯೊಂದಕ್ಕೂ ಯಾರನ್ನಾದರೂ ಕೂಗಬೇಕು. ಜೀವನಪೂರ್ತಿ ಸೊಂಟಕ್ಕೆ ಸಂಚಿ ಸಿಕ್ಕಿಸಿಕೊಂಡು ಓಡಾಡಿದವರು ಅವರು, ಎಲೆಗೆ ಒಂದು ಅರೆ, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಇನ್ನೊಂದು. ಆ ಸಂಚಿಯನ್ನೇ ದೊಡ್ಡದು ಮಾಡಿ ವಾಕರ್‌ಗೆ ಕಟ್ಟಿದರೆ ಹೇಗೆ ಅಂತ ಹೊರಟೆ. ಈಗ ಮೂರು ಮಾಡಿದ್ದೇನೆ. ಮೊದಲನೆಯದರಲ್ಲಿ ಆದ ತಪ್ಪು ನಿಮಗೆ ಆಗದಿರಲಿ ಅಂತ ಎಲ್ಲ ಬಿಡಿಸಿ ಬರೆಯುತ್ತಿದ್ದೇನೆ.

ದಾರ ತರುವ ಮೊದಲು ಟೇಪ್ ಹಿಡಿದು ವಾಕರ್ ಹತ್ತಿರ ಹೋಗಿ. ಮುಂದಿನ ಅಡ್ಡಕಂಬಿ ಎಷ್ಟು ಉದ್ದ ಇದೆ ನೋಡಿ. ಮಡಚೋ ವಾಕರ್ ಆದರೆ ಒತ್ತುವ ಗುಂಡಿ ಎಲ್ಲಿದೆ ನೋಡಿ, ಅದನ್ನು ಸಂಚಿಯಾಗಲಿ ಪಟ್ಟಿಯಾಗಲಿ ಮುಚ್ಚಬಾರದು. ನಮ್ಮದರಲ್ಲಿ ಗುಂಡಿಗಳನ್ನು ಬಿಟ್ಟು 13 ಇಂಚು ಜಾಗ ಸಿಕ್ಕಿತು, ಅದಕ್ಕೆ 12 ಇಂಚಿನ ಸಂಚಿ. ಕೈ ಹಿಡಿಯುವ ಪಕ್ಕದ ಕಂಬಿಗಳಿಗೆ ಏನೂ ಕಟ್ಟಬೇಡಿ. ಒಂದೇ ಕಡೆ ಭಾರ ಬಿದ್ದರೆ ವಾಕರ್ ವಾಲುತ್ತದೆ.

ಇನ್ನೊಂದು ವಿಷಯ. ಸಂಚಿ ಕಂಬಿಯ ಹೊರಗಡೆ ತೂಗಬೇಕು, ಒಳಗಡೆ ತೂಗಿದರೆ ಹೆಜ್ಜೆ ಇಡುವಾಗ ಮೊಣಕಾಲಿಗೆ ತಗಲುತ್ತದೆ. ಆದರೆ ಜೇಬುಗಳು ಮಾತ್ರ ವಾಕರ್ ಹಿಡಿದವರ ಕಡೆಗೇ ಇರಬೇಕು. ಸುಮಾರು ಜನ ಚೆಂದ ಕಾಣಲಿ ಅಂತ ಜೇಬನ್ನು ಹೊರಮುಖಕ್ಕೆ ಹಾಕುತ್ತಾರೆ. ಎದುರಿಗೆ ಬಂದವರಿಗೆ ಚೆಂದ ಕಾಣುತ್ತದೆ ನಿಜ, ವಾಕರ್ ಹಿಡಿದವರಿಗೆ ಕಾಣೋದೇ ಇಲ್ಲ, ಬಗ್ಗಿ ತಡಕಾಡಬೇಕು. ವಾಕರ್ ಹಿಡಿದವರು ಮುಂದಕ್ಕೆ ಬಗ್ಗೋದು ಬೀಳೋದಕ್ಕೆ ದಾರಿ.

ದಾರ ಮಧ್ಯಮ ದಪ್ಪದ್ದು ಇರಲಿ, 200 ಗ್ರಾಂ ತಂದರೆ ಸಾಕು, ಸ್ವಲ್ಪ ಉಳಿಯುತ್ತದೆ. ಹತ್ತಿ ದಾರ ಕೈಗೆ ಹಿತ, ಆದರೆ ತೂಕ ಜಾಸ್ತಿ, ನೇತುಹಾಕಿದರೆ ಎಳೆದುಕೊಳ್ಳುತ್ತದೆ. ಅಕ್ರಿಲಿಕ್ ಹಗುರ, ಬೇಗ ಒಣಗುತ್ತದೆ. ನಾನು ಈಗ ಅಕ್ರಿಲಿಕ್ಕೇ ತಗೊಳ್ಳೋದು. ಬಣ್ಣ ಎರಡು ಬೇಕು, ಸಂಚಿಗೆ ಗಾಢ ಬಣ್ಣ, ಜೇಬಿಗೆ ಎದ್ದು ಕಾಣುವ ತಿಳಿ ಬಣ್ಣ. ಕಣ್ಣು ಮಂಜಾದವರಿಗೆ ಜೇಬಿನ ಬಾಯಿ ಎಲ್ಲಿದೆ ಅಂತ ಗೊತ್ತಾಗೋದು ಈ ವ್ಯತ್ಯಾಸದಿಂದಲೇ. ಕಡ್ಡಿ, ಅಂದರೆ ತುದಿಯಲ್ಲಿ ಕೊಕ್ಕೆ ಇರುವ ಕ್ರೋಶಾ ಕಡ್ಡಿ, 4 ಮಿಲಿಮೀಟರ್‌ದು.

ಹೊಲಿಗೆ ಒಂದೇ, ಸಿಂಗಲ್ ಕ್ರೋಶಾ. ಅಮೆರಿಕದವರು ಸಿಂಗಲ್ ಅನ್ನುವ ಇದನ್ನೇ ಬ್ರಿಟಿಷರು ಡಬಲ್ ಅನ್ನುತ್ತಾರೆ, ವಿಡಿಯೋ ನೋಡಿ ಕಲಿಯುವವರು ಇದನ್ನು ನೆನಪಿಡಿ. ನಾನು ಹೇಳುತ್ತಿರುವುದು ಗಿಡ್ಡ ಹೊಲಿಗೆ: ಕಡ್ಡಿ ಚುಚ್ಚಿ, ದಾರ ಎಳೆದು, ಎರಡು ಕುಣಿಕೆಯನ್ನೂ ಒಂದೇ ಸಲ ದಾಟಿಸುವುದು. ಎತ್ತರದ ಹೊಲಿಗೆ ಬೇಗ ಮುಗಿಯುತ್ತದೆ, ಆದರೆ ತೂತು ಜಾಸ್ತಿ, ಎಳೆದುಕೊಳ್ಳುವುದೂ ಜಾಸ್ತಿ. ನನ್ನ ಮೊದಲ ಸಂಚಿ ಹಾಗೇ ಮಾಡಿದ್ದು. ಎರಡು ವಾರದಲ್ಲಿ ಜೋತುಬಿದ್ದು ಮೊಣಕಾಲಿನ ಕೆಳಗೆ ಬಂತು, ಒಂದು ದಿನ ದೊಡ್ಡಮ್ಮನ ಕಾಲು ಅದಕ್ಕೆ ತಗಲಿತು. ಪುಣ್ಯಕ್ಕೆ ಬೀಳಲಿಲ್ಲ. ಅವತ್ತೇ ಬಿಚ್ಚಿದೆ.

ಮೊದಲು 4 ಇಂಚಿನ ಒಂದು ಚೌಕ ಹೆಣೆದು ಅಳೆಯಿರಿ. ನನ್ನ ಕೈಯಲ್ಲಿ ಇಂಚಿಗೆ 4 ಹೊಲಿಗೆ, 5 ಸಾಲು ಬರುತ್ತದೆ. ನಿಮ್ಮ ಕೈ ಬಿಗಿ ಇದ್ದರೆ ಲೆಕ್ಕ ಬೇರೆ ಆಗುತ್ತದೆ, ಕೆಳಗಿನ ಅಂಕಿಗಳನ್ನು ಹಾಗೇ ತಗೊಳ್ಳದೆ ಇಂಚಿನ ಲೆಕ್ಕದಲ್ಲಿ ಹೋಗಿ.

ಈಗ ದೊಡ್ಡ ತುಂಡು. 49 ಚೈನ್ (ಕುಣಿಕೆಯೊಳಗಿಂದ ಕುಣಿಕೆ ಎಳೆದು ಮಾಡುವ ಸರಪಳಿ) ಹಾಕಿ, ಕಡ್ಡಿಯ ಕಡೆಯಿಂದ ಎರಡನೇ ಚೈನ್‌ನಲ್ಲಿ ಶುರು ಮಾಡಿ 48 ಸಿಂಗಲ್ ಹಾಕಿ. ಸಾಲು ಮುಗಿದಾಗ ಒಂದು ಚೈನ್ ಹಾಕಿ ತಿರುಗಿಸಿ, ಮತ್ತೆ 48. ಹೀಗೆ 90 ಸಾಲು, ಅಂದರೆ 18 ಇಂಚು. ಐದಾರು ಸಾಲಿಗೊಮ್ಮೆ ಎಣಿಸಿ, ಕೊನೆಯ ಹೊಲಿಗೆ ಬಿಟ್ಟುಹೋದರೆ ಗೊತ್ತಿಲ್ಲದೇ ತುಂಡು ಕಿರಿದಾಗುತ್ತಾ ಹೋಗುತ್ತದೆ. ಸಂಜೆ ಧಾರಾವಾಹಿ ನೋಡುತ್ತಾ ಹೆಣೆದರೂ ನನಗೆ ನಾಲ್ಕು ದಿನ ಹಿಡಿಯಿತು. 45ನೇ ಸಾಲಿಗೆ ಒಂದು ಬೇರೆ ಬಣ್ಣದ ದಾರ ಕಟ್ಟಿಡಿ, ಅದು ಸಂಚಿಯ ತಳ.

ಜೇಬಿನ ತುಂಡಿಗೂ ಅದೇ 48 ಹೊಲಿಗೆ, 25 ಸಾಲು. ಇದನ್ನು ದೊಡ್ಡ ತುಂಡಿನ ಒಂದು ಅರ್ಧದ ಮೇಲೆ, ತಳದ ಗೆರೆಗೆ ಸರಿಯಾಗಿ ಇಟ್ಟು ಕೆಳಗೂ ಪಕ್ಕಗಳಲ್ಲೂ ಹೊಲಿಯಿರಿ. ಆಮೇಲೆ 12ನೇ ಹೊಲಿಗೆಯ ನಂತರ ಒಂದು, 28ರ ನಂತರ ಇನ್ನೊಂದು ನೇರ ಗೆರೆ ಹೊಲಿದರೆ ಮೂರು ಜೇಬು: ಕನ್ನಡಕಕ್ಕೆ 3 ಇಂಚು, ಮೊಬೈಲ್‌ಗೆ 4, ಮಾತ್ರೆಗೆ 5. ಜೇಬಿನ ಬಾಯಿ ಕಂಬಿಯಿಂದ 4 ಇಂಚು ಕೆಳಗೆ ಬರುವುದರಿಂದ ಕೈ ಆರಾಮಾಗಿ ಹೋಗುತ್ತದೆ. ಮುಚ್ಚಳ, ಜಿಪ್ ಏನೂ ಬೇಡ. ಬೆರಳಿನ ಗಂಟು ನೋಯುವವರಿಗೆ ಜಿಪ್ ಎಳೆಯೋದು ದೊಡ್ಡ ಕೆಲಸ.

ಒಳಗೆ ಅಸ್ತರಿ ಹಾಕಲೇಬೇಕು, ಇದರಲ್ಲಿ ಸೋಮಾರಿತನ ಬೇಡ. ಅಸ್ತರಿ ಇಲ್ಲದಿದ್ದರೆ ಒಳಗಿಟ್ಟ ಸಾಮಾನಿನ ಮೂಲೆ ಹೊಲಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಳೆಯ ಕಾಟನ್ ಸೀರೆ ಇದ್ದರೆ ಅದೇ ಚೆನ್ನ, ಒಗೆದು ಒಗೆದು ಕುಗ್ಗುವುದೆಲ್ಲ ಕುಗ್ಗಿರುತ್ತದೆ. ನಾನು ದೊಡ್ಡಮ್ಮನದೇ ಸೀರೆ ಹಾಕಿದೆ, ಅವರು ಕೈ ಹಾಕಿದಾಗ ಗುರುತು ಹಿಡಿದರು. ಬಟ್ಟೆಯನ್ನು 13 ಇಂಚು ಅಗಲ, 18 ಇಂಚು ಉದ್ದ ಕತ್ತರಿಸಿ. ಮಡಚಿ, ಅರ್ಧರ್ಧ ಇಂಚು ಹೊಲಿಗೆಗೆ ಹೋದರೆ ಸಂಚಿಗಿಂತ ಅರ್ಧ ಇಂಚು ಕಡಿಮೆ ಆಳ ಬರುತ್ತದೆ. ಬೇಕಂತಲೇ ಹಾಗೆ. ಭಾರ ಬಟ್ಟೆಯ ಮೇಲೆ ಬೀಳುತ್ತದೆ, ಹೆಣಿಗೆ ಎಳೆದುಕೊಳ್ಳುವುದಿಲ್ಲ. ದೊಡ್ಡ ತುಂಡನ್ನು ತಳದಲ್ಲಿ ಮಡಚಿ ಎರಡೂ ಪಕ್ಕ ಹೊಲಿದು, ಅಸ್ತರಿ ಒಳಗಿಟ್ಟು, ಬಾಯಿಗೆ ಸುತ್ತಲೂ ಕೈಹೊಲಿಗೆ ಹಾಕಿ.

ಪಟ್ಟಿ ಮೂರು ಬೇಕು. ಎರಡೇ ಹಾಕಿದರೆ ನಡುವೆ ಬಾಯಿ ಜೋತುಬೀಳುತ್ತದೆ. ಒಂದೊಂದೂ 8 ಹೊಲಿಗೆ ಅಗಲ, 25 ಸಾಲು ಉದ್ದ. ಗುಂಡಿ ತೂತಿಗೆ 21ನೇ ಸಾಲಿನಲ್ಲಿ 2 ಸಿಂಗಲ್, 4 ಚೈನ್, 4 ಹೊಲಿಗೆ ಬಿಟ್ಟು ಮತ್ತೆ 2 ಸಿಂಗಲ್. ಮುಂದಿನ ಸಾಲಿನಲ್ಲಿ ಆ ಚೈನ್ ಮೇಲೆ 4 ಸಿಂಗಲ್. ಗುಂಡಿ ಕೋಟಿಗೆ ಹಾಕುವಂಥದ್ದು, ಒಂದು ಇಂಚಿನದು ಇರಲಿ. ಪಟ್ಟಿಯ ಹಿಂದೆ ತೂತಿನ ತನಕ ಲಂಗದ ಲಾಡಿಯ ಒಂದು ತುಂಡು ಹೊಲಿಯಿರಿ, ಚಪ್ಪಟೆ ಲಾಡಿ. ಇದೊಂದು ಹಾಕಿದ ಮೇಲೆ ನನ್ನ ಯಾವ ಸಂಚಿಯೂ ಕೆಳಗಿಳಿದಿಲ್ಲ. ಪಟ್ಟಿಗಳನ್ನು ಜೇಬಿರುವ ಮುಖದ ಮೇಲಂಚಿಗೆ ಹೊಲಿದು, ಕಂಬಿಯ ಮೇಲಿಂದ ಬಿಗಿಯಾಗಿ ಸುತ್ತಿ, ತೂತು ಎಲ್ಲಿ ಬರುತ್ತದೋ ಅಲ್ಲಿ ಗುರುತು ಹಾಕಿ ಗುಂಡಿ ಹೊಲಿಯಿರಿ. ಸಡಿಲ ಇದ್ದರೆ ಸಂಚಿ ಪಕ್ಕಕ್ಕೆ ಜಾರುತ್ತದೆ.

ಕಟ್ಟಿದ ಮೇಲೆ ಖಾಲಿ ಸಂಚಿಯೊಂದಿಗೆ ಅವರನ್ನು ನಾಲ್ಕು ಹೆಜ್ಜೆ ನಡೆಸಿ, ಪಕ್ಕದಲ್ಲೇ ಇರಿ. ಆಮೇಲೆ ಸಾಮಾನು ಹಾಕಿ ಮತ್ತೊಮ್ಮೆ ನಡೆಸಿ. ಚಕ್ರ ಇಲ್ಲದ ವಾಕರನ್ನು ಪ್ರತಿ ಹೆಜ್ಜೆಗೂ ಎತ್ತಿ ಇಡಬೇಕು ಅಲ್ವಾ, ಸಂಚಿಯಲ್ಲಿ ಇರುವುದನ್ನೆಲ್ಲ ಅವರು ಅಷ್ಟು ಸಲ ಎತ್ತುತ್ತಾರೆ. ಒಂದು ಲೀಟರ್ ನೀರಿನ ಬಾಟಲಿ ಅಂದರೆ ಒಂದು ಕೆಜಿ. ಬೇಡವೇ ಬೇಡ. ಬಿಸಿ ಕಾಫಿ ಫ್ಲಾಸ್ಕೂ ಬೇಡ. ನಮ್ಮಲ್ಲಿ ಎಲ್ಲ ಸೇರಿ ಅರ್ಧ ಕೆಜಿ ದಾಟಬಾರದು ಅಂತ ಮಾಡಿಕೊಂಡಿದ್ದೇವೆ, ವಾರಕ್ಕೊಮ್ಮೆ ಬಿಚ್ಚಿ ನೋಡುತ್ತೇನೆ. ಸುಮ್ನೆ ಸೇರಿಕೊಂಡ ಹಳೇ ಚೀಟಿ, ಚಿಲ್ಲರೆ, ಖಾಲಿ ಸ್ಟ್ರಿಪ್ ಸಿಗುತ್ತವೆ.

ತಣ್ಣೀರಿನಲ್ಲಿ ಕೈಯಲ್ಲೇ ಒಗೆದು, ಹಿಂಡದೆ ಟವೆಲ್‌ನಲ್ಲಿ ಒತ್ತಿ, ಚಪ್ಪಟೆಯಾಗಿ ಹರವಿ ಒಣಗಿಸಿ. ತೂಗುಹಾಕಬೇಡಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಒಣಗೋದಕ್ಕೆ ಮೂರು ದಿನ ಬೇಕು, ಅಷ್ಟು ದಿನ ಸಂಚಿ ಇಲ್ಲದೆ ದೊಡ್ಡಮ್ಮ ಇರಲಾರರು. ಹಾಗಾಗಿ ಮೊದಲೇ ಎರಡಕ್ಕೆ ಆಗುವಷ್ಟು ದಾರ ತಂದುಬಿಡಿ.