ಮುಜಂಟಿ ಅಂಟಿನ ಅರ್ಕ: ಬಿಸಿಗೆ ಒಗ್ಗದ್ದು ತಂಪಿಗೆ ಒಗ್ಗಿತು

ಮುಜಂಟಿ ಎಂದರೆ ಕುಟುಕದ ಪುಟ್ಟ ಜೇನುನೊಣ; ಗಿಡದ ಅಂಟು ತಂದು ಗೂಡಿಗೆ ಮೆತ್ತುತ್ತದೆ (ಪ್ರೋಪೋಲಿಸ್). ಅದನ್ನು ಆಲ್ಕೋಹಾಲಿನಲ್ಲಿ ನೆನೆಸಿ ನಾನು ಅರ್ಕ ತೆಗೆಯುತ್ತೇನೆ. ಈ ಅಂಟಿನಲ್ಲಿ ಬರೀ ಮೇಣ, ಸತ್ವ ಎಲ್ಲಿಂದ ಬರಬೇಕು ಎಂದವರೇ ಹೆಚ್ಚು. ಅರ್ಧ ನಿಜ. ಗೂಡಿನೊಳಗೆ ಜೇನು ತುಂಬಿಡುವ ಪುಟ್ಟ ಗಡಿಗೆಗಳಲ್ಲಿ ಮೇಣವೇ ಜಾಸ್ತಿ. ಅವನ್ನು ಸೇರಿಸಿದರೆ ಅರ್ಕ ಕೆಟ್ಟಿತೆಂದೇ ಲೆಕ್ಕ. ನಾನು ತೆಗೆಯುವುದು ಗೂಡಿನ ಬಾಗಿಲಲ್ಲಿ ನೊಣ ಕಟ್ಟುವ ಕೊಳವೆಯ ಅರ್ಧ, ಪೆಟ್ಟಿಗೆಯ ಬಿರುಕಿಗೆ ಮೆತ್ತಿದ ಗಟ್ಟಿ ಅಂಟು, ಅಷ್ಟೇ. ರಸ್ತೆ ಬದಿಯ ಪೆಟ್ಟಿಗೆಯದ್ದು ಬೇಡ, ಹಸಿ ಪೇಂಟು, ಡಾಂಬರನ್ನೂ ನೊಣಗಳು ಹೊತ್ತು ತರುತ್ತವೆ.

ಮೊದಲ ಮೂರು ಸಲ ಕೆಡಿಸಿದ್ದು ಬಿಸಿ. ಸತ್ವ ಬೇಗ ಇಳಿಯಲೆಂದು ಅಂಟು, ಆಲ್ಕೋಹಾಲು ಹಾಕಿದ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟೆ. 10 ಮಿಲಿ ಅರ್ಕ ಒಣಗಿಸಿ ತೂಗಿದರೆ 0.6 ಗ್ರಾಂ ಹತ್ತಿರ, ಭಾರೀ ಇಳುವರಿ! ತಣ್ಣಗಾದ ಮೇಲೆ ತಳದಲ್ಲಿ ಬಿಳಿ ಗಸಿ: ತೂಗಿದ್ದರಲ್ಲಿ ಅರ್ಧ ಮೇಣವೇ. ಶೇಕಡಾ 95ರ ಆಲ್ಕೋಹಾಲಿನಲ್ಲೂ ಇದೇ ಗೋಳು. ನಾಲ್ಕು ಸಾವಿರದಷ್ಟು ರೂಪಾಯಿ ಹೀಗೇ ಹೋಯಿತು. ಅಗ್ಗವೆಂದು ಡಿನೇಚರ್ಡ್ ಸ್ಪಿರಿಟ್ ಮುಟ್ಟಬೇಡಿ, ಅದು ವಿಷ.

ಈಗಿನ ಕ್ರಮ ಹೀಗಿದೆ. ತಣ್ಣೀರಿನಲ್ಲಿ ತೊಳೆದು, ನೆರಳಲ್ಲಿ ಆರಿಸಿ, ರಾತ್ರಿಯಿಡೀ ಫ್ರೀಜರಿನಲ್ಲಿಟ್ಟ ಅಂಟು ಗಾಜಿನಂತೆ ಪುಡಿಯಾಗುತ್ತದೆ. ಕುಟ್ಟಾಣಿ ಬಿಸಿಯಿದ್ದರೆ ಮತ್ತೆ ಮುದ್ದೆ. 95ರದ್ದು 740 ಮಿಲಿಗೆ ನೀರು ಸೇರಿಸಿ ಒಟ್ಟು 1 ಲೀಟರ್ ಮಾಡಿದರೆ ಸುಮಾರು 70 ಶೇಕಡಾ. ಅದಕ್ಕೆ 100 ಗ್ರಾಂ ಪುಡಿ, ಕಪ್ಪು ಬಾಟಲಿ, ದಿನಕ್ಕೆರಡು ಸಲ ಕುಲುಕಾಟ, ಎರಡು ವಾರ. ಆಮೇಲೆ ಒಂದು ರಾತ್ರಿ ಫ್ರೀಜರು. ತಣ್ಣಗಿರುವಾಗಲೇ ಸೋಸಬೇಕು, ಬೆಚ್ಚಗಾದರೆ ಮೇಣ ಮತ್ತೆ ಕರಗುತ್ತದೆ. ಮೊದಲು ಬಟ್ಟೆ, ನಂತರ ಕಾಗದ. ಕಾಗದ ಕಟ್ಟಿಕೊಳ್ಳದಿರಲು ನಡುವೆ ಒಂದು ಕೆಲಸ ಮಾಡುತ್ತೇನೆ. ಅದು ಸದ್ಯ ನನ್ನಲ್ಲೇ ಇರಲಿ. ಈಗ 10 ಮಿಲಿಗೆ 0.3 ಗ್ರಾಂ ಸಿಕ್ಕರೂ ಅದು ಅಸಲು ಮಾಲು.

ಲ್ಯಾಬಿಗೆ ಕೊಡುವಾಗ ಫಲಿತಾಂಶವನ್ನು ಮಿಲಿಗಲ್ಲ, ಒಣ ಸತ್ವದ ಗ್ರಾಂಗೆ ಕೇಳಿ. ಇಲ್ಲದಿದ್ದರೆ ಎರಡು ಬ್ಯಾಚು ಹೋಲಿಸಲು ಬರುವುದಿಲ್ಲ. ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯುವ ಡಿಪಿಪಿಎಚ್ ಪರೀಕ್ಷೆಯಲ್ಲಿ ನೇರಳೆ ಬಣ್ಣ ಹಳದಿಗಿಳಿಯುವುದನ್ನು 517 ನ್ಯಾನೋಮೀಟರಿನಲ್ಲಿ ಓದುತ್ತಾರೆ, ಐಸಿ50 (ಡಿಪಿಪಿಎಚ್ ಅರ್ಧಕ್ಕಿಳಿಯಲು ಬೇಕಾದ ಸತ್ವದ ಪ್ರಮಾಣ) ಕಡಿಮೆ ಬಂದಷ್ಟೂ ಒಳ್ಳೆಯದು. ಅರ್ಕದ ಸ್ವಂತ ಬಣ್ಣವನ್ನು ಲೆಕ್ಕದಿಂದ ಕಳೆದಿದ್ದಾರೆಯೇ ಎಂದು ಕೇಳಲೇಬೇಕು. ಬಾಗಿಲ ಅಂಟಿನ ಐಸಿ50 ಗಡಿಗೆಯ ಅಂಟಿನದ್ದರ ಮೂರರಲ್ಲೊಂದಕ್ಕಿಂತ ಕೆಳಗಿತ್ತು. ಮೇಣವೆಂದು ನಕ್ಕವರಿಗೆ ಆ ಚೀಟಿ ತೋರಿಸಿದ್ದೇನೆ.

ಅರ್ಕದಲ್ಲಿ ಸತ್ವವಿದೆಯೇ ಎಂದು ಮನೆಯಲ್ಲೇ ನೋಡಲು ನೇರಳೆ ಬಣ್ಣದ ಪರ್ಮಾಂಗನೇಟ್ ಹಾಕಿದ್ದೆ. ಬಣ್ಣವೇನೋ ಹೋಯಿತು, ಆದರೆ ಬರೀ ಆಲ್ಕೋಹಾಲಿನಲ್ಲೂ ಹೋಗುತ್ತದೆ! ಸರ್ಕಿಟ್ ಬೋರ್ಡು ಕೊರೆಯುವ ಫೆರಿಕ್ ಕ್ಲೋರೈಡನ್ನು ತೆಳುಮಾಡಿ ಒಂದು ಹನಿ ಬಿಟ್ಟರೆ ಒಳ್ಳೆ ಅರ್ಕ ಕಪ್ಪು-ಹಸಿರಾಗುತ್ತದೆ, ಗಡಿಗೆಯದ್ದು ಮಾಸಲು ಕಂದು. ಪಕ್ಕದಲ್ಲಿ ಬರೀ ಆಲ್ಕೋಹಾಲಿನದೊಂದು ಲೋಟ ಇಟ್ಟುಕೊಂಡೇ ನೋಡಿ.